‘ವೀರಮರಣ’ ಎಂದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡ್‌ನ ಆಲ್ ಬ್ಲ್ಯಾಕ್ಸ್ ರಗ್ಬಿ ತಂಡ ಎಂದರೆ ನಮ್ಮ ಪತ್ರಿಕೆಗಳಲ್ಲಿ ಹಾಕಾ ಕುಣಿತದ ಚಿತ್ರ ಬರುತ್ತದೆ. ಅದರ ಹಳೆಯ ನಾಯಕ ಡೇವ್ ಗ್ಯಾಲಹರ್ ಹೆಸರು ಬಂದರೆ ಮಾತ್ರ ‘ಮೊದಲ ಮಹಾಯುದ್ಧದಲ್ಲಿ ವೀರಮರಣ’ ಎಂದು ಮುಗಿಸಿಬಿಡುತ್ತೇವೆ. ಪಿ.ಟಿ. ಮೇಷ್ಟ್ರಾಗಿ ಮೂವತ್ತು ವರ್ಷ ಮಕ್ಕಳನ್ನು ಆಡಿಸಿದ ನನಗೆ ಅದೊಂದು ಪದ ಸಾಲದು ಅನ್ನಿಸುತ್ತದೆ.

ಗ್ಯಾಲಹರ್ ಹುಟ್ಟಿದ್ದು 1873ರಲ್ಲಿ, ಐರ್ಲೆಂಡ್‌ನ ಡೊನೆಗಾಲ್‌ನಲ್ಲಿ. ಐದು ತುಂಬುವ ಮೊದಲೇ ಮನೆಯವರೊಂದಿಗೆ ಹಡಗು ಹತ್ತಿ ನ್ಯೂಜಿಲೆಂಡ್ ಸೇರಿದ. ಟೀಚರ್ ಆಗಿದ್ದ ತಾಯಿ 1887ರಲ್ಲೇ ತೀರಿಕೊಂಡರು.

1905-06ರ ಬ್ರಿಟನ್ ಮುಂತಾದ ಕಡೆಯ ಪ್ರವಾಸದಲ್ಲಿ ಆತನ ತಂಡ 35 ಪಂದ್ಯ ಆಡಿ 34 ಗೆದ್ದಿತು. ಗಳಿಸಿದ ಅಂಕ 976, ಬಿಟ್ಟುಕೊಟ್ಟದ್ದು ಬರೀ 59! ಸೋತದ್ದು ಕಾರ್ಡಿಫ್‌ನಲ್ಲಿ, ವೇಲ್ಸ್ ಎದುರು, 0-3ರಿಂದ. ರಗ್ಬಿಯಲ್ಲಿ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೂರಿದರೆ ಅಂಕ. ಆತನ ತಂಡದ ಬಾಬ್ ಡೀನ್ಸ್ ಹಾಗೆ ಗೆರೆ ದಾಟಿ ಚೆಂಡು ಊರಿದ್ದೆ ಎಂದು ಕೊನೆಯವರೆಗೂ ಹೇಳುತ್ತಿದ್ದ, ರೆಫರಿ ಒಪ್ಪಲಿಲ್ಲ. ಅದರ ಬಗ್ಗೆ ಇಂದಿಗೂ ವಾದ ನಿಂತಿಲ್ಲ. ಆದರೆ ನಾಯಕ ಅಂದು ಹೇಳಿದ್ದು, ಗೆದ್ದದ್ದು ಉತ್ತಮ ತಂಡವೇ ಎಂದು. ಇಡೀ ಪ್ರವಾಸದಲ್ಲಿ ಬ್ರಿಟನ್ನಿನ ಪತ್ರಿಕೆಗಳಿಂದ ‘ಮೋಸದ ಆಟಗಾರ’ ಅನ್ನಿಸಿಕೊಂಡವನ ಮಾತಿದು. ಸೋತ ಕೂಡಲೇ ರೆಫರಿಯ ಮೇಲೆ ಹರಿಹಾಯುವ ಹುಡುಗರನ್ನು ನಾನು ಎಷ್ಟು ನೋಡಿಲ್ಲ!

ಮಹಾಯುದ್ಧದಲ್ಲಿ ಆತ ಹೋಗಲೇಬೇಕೆಂದಿರಲಿಲ್ಲ. ಅದಕ್ಕೂ ಮುಂಚೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ ಮುಗಿಸಿ ಬಂದವನು, ವಯಸ್ಸು ನಲವತ್ತೆರಡು, ಮನೆಯಲ್ಲಿ ಹೆಂಡತಿ, ಚಿಕ್ಕ ಮಗಳು. ಕಡ್ಡಾಯ ಸೇನಾಸೇವೆ ಆತನ ಬಾಗಿಲಿಗೆ ಬರುತ್ತಿರಲಿಲ್ಲ. ತಾನಾಗಿ ಹೆಸರು ಕೊಟ್ಟ. ಆ ವರ್ಷವೇ, 1916ರಲ್ಲಿ, ತಮ್ಮ ಡಗ್ಲಸ್ ಫ್ರಾನ್ಸ್‌ನಲ್ಲಿ ಸತ್ತ.

1917ರ ಅಕ್ಟೋಬರ್ 4ರಂದು ಬೆಲ್ಜಿಯಂನ ಪ್ಯಾಶೆಂಡೇಲ್ ಕದನದಲ್ಲಿ ಶೆಲ್ ಚೂರು ಗ್ಯಾಲಹರ್‌ನ ಹೆಲ್ಮೆಟ್ ಸೀಳಿಕೊಂಡು ಹೊಕ್ಕಿತು. ಅಂದೇ ಪ್ರಾಣ ಹೋಯಿತು. ಮರುವರ್ಷ ಇನ್ನೊಬ್ಬ ತಮ್ಮ ಹೆನ್ರಿಯೂ ಯುದ್ಧಕ್ಕೆ ಬಲಿಯಾದ. ಒಂದೇ ಮನೆಯ ಮೂವರು.

ಬೆಲ್ಜಿಯಂನ ಪೊಪೆರಿಂಗೆಯ ನೈನ್ ಎಲ್ಮ್ಸ್ ಸ್ಮಶಾನದಲ್ಲಿ ಸಾಲುಸಾಲು ಬಿಳಿಗಲ್ಲುಗಳ ನಡುವೆ ಆತನದೂ ಒಂದು. ಮೇಲೆ ನ್ಯೂಜಿಲೆಂಡ್‌ನ ಜರಿಗಿಡದ ಎಲೆ, ಆಟದ ಅಂಗಿಯ ಎದೆಯ ಮೇಲಿದ್ದಂಥದ್ದೇ. ಕೆಳಗೆ ವಯಸ್ಸು 41 ಎಂದು ಕೆತ್ತಿದೆ. ನಿಜಕ್ಕೂ ಆತನಿಗೆ 43 ಆಗಿತ್ತು.

ಮುಂದಿನ ಬಾರಿ ಹಾಕಾ ಚಿತ್ರದ ಪಕ್ಕದಲ್ಲಿ ಆ ಕಲ್ಲಿನ ಚಿತ್ರವನ್ನೂ ದಯವಿಟ್ಟು ಹಾಕಿ. ಅಡಿಯಲ್ಲಿ ವಯಸ್ಸು ಸರಿಯಾಗಿ ಬರೆಯಿರಿ, ತಮ್ಮಂದಿರಿಬ್ಬರ ಹೆಸರನ್ನೂ ಸೇರಿಸಿ.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ