ಮಗಳಿಗೊಂದು ಪತ್ರ: ‘ಕಸುಬು’ ಅನ್ನುವ ಪದದ ಬಗ್ಗೆ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. ನಿಮ್ಮ ಆಫೀಸಿನಲ್ಲಿ ಯಾವುದೋ ಅರ್ಜಿಯನ್ನು ಕನ್ನಡಕ್ಕೆ ತರುತ್ತಿದ್ದೀರಿ. ಅದರಲ್ಲಿ ‘ಟ್ರೇಡ್’ ಅಂತ ಒಂದು ಕಾಲಂ, ಅದರ ಕೆಳಗೆ ಕಾರ್ಪೆಂಟರ್, ಟೈಲರ್, ಮೇಸನ್ ಅಂತ ಪಟ್ಟಿ. ಕಂಪ್ಯೂಟರ್ ಅದನ್ನು ‘ವ್ಯಾಪಾರ’ ಅಂತ ಮಾಡಿಟ್ಟಿದೆ. ‘ಅಪ್ಪಾ, ನೀನು ಬಾಗಿಲು ಮಾಡುವವನು, ಬಾಗಿಲಿನ ವ್ಯಾಪಾರಿ ಅಲ್ವಲ್ಲ, ಸರಿಯಾದ ಪದ ಯಾವುದು?’ ಎಂದು ಕೇಳಿದೆ. ನನ್ನ ಬಾಯಿಗೆ ತಟ್ಟನೆ ಬಂದದ್ದು ‘ಕಸುಬು’. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, ‘ಆ ಪದಕ್ಕೆ ಜಾತಿಯ ವಾಸನೆ ಇದೆ ಅಪ್ಪಾ, ಹಾಕೋಕೆ ಮನಸ್ಸು ಬರ್ತಿಲ್ಲ’ ಎಂದೆ.

ಆಗ ಏನು ಹೇಳಬೇಕೋ ತೋಚಲಿಲ್ಲ. ನಿನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಆ ಪದವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅದಕ್ಕೇ ಈ ಕಾಗದ.

ಕಸುಬು ಮೂಲದಲ್ಲಿ ಕನ್ನಡದ್ದಲ್ಲ. ಅರಬ್ಬಿಯ ‘ಕಸ್ಬ್’ ಪಾರಸಿ, ಉರ್ದುಗಳ ಹಾದಿಯಲ್ಲಿ ನಮ್ಮಲ್ಲಿಗೆ ಬಂದು ಕಸುಬು ಆಯಿತು, ಕೆಲವು ಕಡೆ ಕಸಬು ಆಯಿತು. (ಪಹಣಿಯಲ್ಲಿ ನೋಡುತ್ತೀಯಲ್ಲ, ‘ಕಸಬಾ ಹೋಬಳಿ’, ಅದು ಬೇರೆ. ಅದು ಪಟ್ಟಣ ಅನ್ನುವ ಇನ್ನೊಂದು ಅರಬ್ಬಿ ಪದ.) ಅರಬ್ಬಿಯಲ್ಲಿ ಕಸ್ಬ್ ಅಂದರೆ ಗಳಿಕೆ, ಸಂಪಾದನೆ. ಪದದ ಹೊಟ್ಟೆಯೊಳಗೆ ಇರುವುದು ಇಷ್ಟೇ: ಗಳಿಸಿದ್ದು. ಹುಟ್ಟಿನಿಂದ ಬಂದದ್ದು ಅನ್ನುವ ಅರ್ಥ ಅದರಲ್ಲಿ ಎಲ್ಲೂ ಇಲ್ಲ. ಅದರ ಮುಂದೆ ‘ಕುಲ’ ತಂದು ಕಟ್ಟಿ ‘ಕುಲಕಸುಬು’ ಮಾಡಿದವರು ನಾವು.

ನನ್ನನ್ನೇ ನೋಡು. ನಿನ್ನ ಅಜ್ಜ ಬೇರೆಯವರ ಅಡಿಕೆ ತೋಟದಲ್ಲಿ ಕೂಲಿ ಮಾಡಿದವರು. ಮರದ ಕೆತ್ತನೆ ಮಾಡುವ ಸಾಗರದ ಗುಡಿಗಾರರ ಹಾಗೆ ಹುಟ್ಟಿದಾಗಿನಿಂದ ಉಳಿಯ ಸದ್ದು ಕೇಳಿ ಬೆಳೆದವನಲ್ಲ ನಾನು. ಹದಿನಾರನೇ ವಯಸ್ಸಿನಲ್ಲಿ ಒಬ್ಬ ಮೇಸ್ತ್ರಿಯ ಹತ್ತಿರ ಸೇರಿದೆ. ಮೇಸ್ತ್ರಿ ಅನ್ನುವುದೂ ಹೊರಗಿನಿಂದ ಬಂದ ಪದವೇ, ಪೋರ್ಚುಗೀಸರ ‘ಮೆಸ್ತ್ರೆ’. ಮೊದಲ ಆರು ತಿಂಗಳು ಮರ ಮುಟ್ಟಲು ಬಿಡಲಿಲ್ಲ. ಉಳಿಯನ್ನು ಸಾಣೆಕಲ್ಲಿನ ಮೇಲೆ ಉಜ್ಜುವುದೊಂದೇ ಕೆಲಸ. ಹರಿತವಾಯಿತು ಅಂತ ನಾನು ಹೇಳಿದರೆ ಅವರು ಹಲಸಿನ ತುಂಡೊಂದನ್ನು ಕೊಡುತ್ತಿದ್ದರು. ತುಂಡಿನ ಅಡ್ಡ ಕೊಯ್ದ ಕಡೆ ಉಳಿ ಆನಿಸಿ ನೂಕಬೇಕು. ಮೊಂಡಾಗಿದ್ದರೆ ಮರ ಪುಡಿಪುಡಿಯಾಗಿ ಉದುರುತ್ತದೆ. ಹರಿತವಿದ್ದರೆ ತೆಳ್ಳಗಿನ ಹಳದಿ ಎಳೆ ಸುರುಳಿ ಸುತ್ತಿಕೊಂಡು ಬರುತ್ತದೆ. ಎಷ್ಟೋ ದಿನ ನನಗೆ ಬರೀ ಪುಡಿಯೇ ಬಂತು.

ನಾನೊಬ್ಬನೇ ಮಾಡಿದ ಮೊದಲ ಬಾಗಿಲಿನ ಕತೆ ನಿನಗೆ ಹೇಳಿರಲಿಲ್ಲ. ಬೇಸಿಗೆಯಲ್ಲಿ ಕೂರಿಸಿದ್ದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಕಾಗದವೂ ತೂರದಷ್ಟು ಬಿಗಿ. ಭಾರೀ ಖುಷಿಯಾಗಿತ್ತು. ಆಷಾಢದ ಮಳೆ ಹಿಡಿಯಿತು ನೋಡು, ಮರ ಉಬ್ಬಿ ಬಾಗಿಲು ಕಚ್ಚಿಕೊಂಡಿತು. ಮನೆಯವರು ಹಿಂದಿನ ಬಾಗಿಲಿನಿಂದ ಓಡಾಡಬೇಕಾಯಿತು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಂತ ಜಾಗ ಬಿಟ್ಟೇ ಬಾಗಿಲು ಕೂರಿಸಬೇಕು. ಮೇಸ್ತ್ರಿ ಬೈಯಲಿಲ್ಲ. ‘ಕೆಲಸ ಮುಗಿಸಿದ್ದೀಯ, ಕಸುಬು ಇನ್ನೂ ಬಂದಿಲ್ಲ’ ಎಂದರು ಅಷ್ಟೇ. ಆ ಬಾಗಿಲು ಇಳಿಸಿ, ಅಂಚು ಕೀಸಿ, ಮತ್ತೆ ಕೂರಿಸಿ ಬಂದೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಮಾತಿನಲ್ಲೇ ಪದದ ಬಳಕೆಯೂ ಇದೆ. ನಾವು ದಿನಾ ಆಡುವುದನ್ನು ಕೇಳಿಸಿಕೋ. ಕೆಲಸ ಸಿಗುತ್ತದೆ, ಕೆಲಸ ಹೋಗುತ್ತದೆ. ಉದ್ಯೋಗ ಕೊಡುತ್ತಾರೆ, ಉದ್ಯೋಗದಿಂದ ತೆಗೆಯುತ್ತಾರೆ. ಕಸುಬು ಹಾಗಲ್ಲ. ಕಸುಬು ಕಲಿಯುತ್ತೇವೆ, ಕೈ ಹತ್ತುತ್ತದೆ, ಬೇಕಾದರೆ ನಾವೇ ಬಿಡುತ್ತೇವೆ. ‘ಅವನನ್ನು ಕಸುಬಿನಿಂದ ತೆಗೆದುಹಾಕಿದರು’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀಯಾ? ಕವಿತೆ ಓದಿದವರು ಕೂಡ ‘ಕಸುಬುಗಾರಿಕೆ ಇದೆ’ ಅಂತ ಮೆಚ್ಚುತ್ತಾರಲ್ಲ, ಅಲ್ಲಿ ಯಾರೂ ಕವಿಯ ಜಾತಿ ಹೇಳುತ್ತಿಲ್ಲ. ಕೈ ಪಳಗಿದೆ ಅನ್ನುತ್ತಿದ್ದಾರೆ.

ಆದರೆ ನಿನ್ನ ಸಂಕಟವನ್ನು ಪಕ್ಕಕ್ಕೆ ತಳ್ಳಲಾರೆ. ಚರ್ಮದ ಕೆಲಸ, ಬಟ್ಟೆ ಒಗೆಯುವ ಕೆಲಸ ಮಾಡಿದವರ ಮಕ್ಕಳು ಅದನ್ನೇ ಮಾಡಬೇಕು ಅಂತ ಕಟ್ಟಿಹಾಕಿದ್ದು ಇದೇ ನಾಡು. ಜಾತಿ ಅನ್ನುವುದು ದುಡಿಮೆಯನ್ನು ಹಂಚುವುದಲ್ಲ, ದುಡಿಯುವವರನ್ನೇ ಒಡೆದು ಮೇಲೆ ಕೆಳಗೆ ಇಡುವುದು ಅಂತ ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಅದಕ್ಕೂ ಎಷ್ಟೋ ಮೊದಲು, 12ನೇ ಶತಮಾನದ ಶರಣರು ಕಾಯಕ ಅನ್ನುವ ಪದ ಹಿಡಿದು ಎಲ್ಲ ದುಡಿಮೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಲು ನೋಡಿದರು. ಅವರಲ್ಲಿ ಮೋಳಿಗೆ ಮಾರಯ್ಯ ನನಗೆ ತುಂಬಾ ಇಷ್ಟ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರಿ ಬದುಕಿದ ಅಂತ ಅವನ ಕತೆ. ಅವನು ಹುಟ್ಟಿದ್ದು ಅರಮನೆಯಲ್ಲಿ, ದುಡಿಮೆಯನ್ನು ಆರಿಸಿಕೊಂಡದ್ದು ತಾನೇ.

ಹಾಗಾಗಿ ನನಗೆ ತೋಚಿದ್ದು ಇದು. ಕಾಲಮ್ಮಿನ ಮೇಲೆ ‘ಕಸುಬು’ ಅಂತಲೇ ಹಾಕು. ‘ವೃತ್ತಿ’ಯೂ ತಪ್ಪಲ್ಲ, ಆದರೆ ಅದರೊಳಗೆ ವಕೀಲರು, ಡಾಕ್ಟರು ಎಲ್ಲರೂ ಬಂದುಬಿಡುತ್ತಾರೆ. ಐಟಿಐಯಲ್ಲಿ ಫಿಟ್ಟರ್, ಟರ್ನರ್ ಕಲಿಯುವ ಹುಡುಗರು ‘ನಿನ್ನ ಟ್ರೇಡ್ ಯಾವುದು?’ ಅಂತ ಕೇಳಿಕೊಳ್ಳುತ್ತಾರಲ್ಲ, ಆ ಅರ್ಥಕ್ಕೆ ಹತ್ತಿರ ನಿಲ್ಲುವುದು ಕಸುಬೇ. ಕೆಳಗಿನ ಪಟ್ಟಿಯಲ್ಲಿ ಮಾತ್ರ ಜನರ ಹೆಸರು ಬೇಡ. ಕುಂಬಾರ, ಕಮ್ಮಾರ, ಬಡಗಿ, ನೇಕಾರ ಅಂತ ಬರೆದರೆ ಓದುವವರಿಗೆ ಕೆಲಸ ಕಾಣುವ ಮೊದಲು ಜಾತಿಯೇ ಕಾಣುತ್ತದೆ. ಮಡಕೆ ಕೆಲಸ, ಕಬ್ಬಿಣದ ಕೆಲಸ, ಮರಗೆಲಸ, ನೇಯ್ಗೆ, ಹೊಲಿಗೆ, ಗಾರೆ ಕೆಲಸ ಅಂತ ಬರೆ. ಯಾರು ಕಲಿತರೂ ಅವರದ್ದೇ ಆಗುತ್ತದೆ. ಗಂಡು ಹೆಣ್ಣು ಅನ್ನುವ ತೊಡಕೂ ಇರುವುದಿಲ್ಲ.

ಇದನ್ನು ಹೇಳಲು ಇನ್ನೊಂದು ಕಾರಣವಿದೆ. ಎರಡು ತಿಂಗಳಿಂದ ನನ್ನ ಹತ್ತಿರ ಒಬ್ಬಳು ಹುಡುಗಿ ಕಲಿಯಲು ಬರುತ್ತಿದ್ದಾಳೆ. ಅವಳ ಮನೆಯಲ್ಲೂ ಯಾರೂ ಮರ ಮುಟ್ಟಿದವರಲ್ಲ. ದಿನಾ ಉಳಿ ಉಜ್ಜುತ್ತಾಳೆ, ದಿನಾ ಪುಡಿ ಉದುರಿಸುತ್ತಾಳೆ. ಇವತ್ತು ಸಂಜೆ ಮೊದಲ ಸಲ ಅವಳ ಉಳಿಯ ಬಾಯಿಂದ ಎಳೆ ಬಂತು, ಹೆಬ್ಬೆರಳಿನಷ್ಟು ಉದ್ದ. ಕೊಡುತ್ತೀಯಾ ಅಂತ ಕೇಳಿ ಇಸಿದುಕೊಂಡೆ. ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ, ಬಿಡಿಸುವಾಗ ಮೆಲ್ಲಗೆ ಬಿಡಿಸು. ಈಗ ಅರಿಶಿನದ ಹಾಗೆ ಹಳದಿ ಇದೆ. ಇಟ್ಟುಕೊಂಡರೆ ಬರಬರುತ್ತಾ ಕೆಂಪು ಕಂದು ಆಗುತ್ತದೆ, ನಮ್ಮ ಮನೆ ಬಾಗಿಲಿನ ಹಾಗೆ.

ನಿನ್ನ ಅಪ್ಪ