ಮಧುಗಿರಿ ಸೀಮೆಯ ಕೋವಿಯ ಹಿರಿಯರಿಗೆ

ಒತ್ತಿದ ಗಾಳಿಯ ಬಲದಿಂದ ಗುಂಡು ಹಾರಿಸುವ ಏರ್ ರೈಫಲ್ ಕಲಿಯುವ ನಮ್ಮ ಮಕ್ಕಳು ಈ ಸಲ ರಾಜ್ಯ ಮಟ್ಟದ ಸ್ಪರ್ಧೆಯಲ್ಲಿ 60 ಗುಂಡುಗಳ ಸುತ್ತು ಮುಗಿಸಿ ಬಂದರು. ತುಮಕೂರಿನಲ್ಲಿ ಶಾಲು ಹೊದಿಸಿದ್ದು ಕೋಚ್‌ಗಳಿಗೆ. ನಮ್ಮ ಮೊದಲ ನಮಸ್ಕಾರ ಮಾತ್ರ ಮಧುಗಿರಿ, ಶಿರಾ, ಪಾವಗಡ ಕಡೆಯ ಆ ಹಿರಿಯರಿಗೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಷಿಕಾರಿ ಬಿಟ್ಟವರು, ಬೆಳೆ ಕಾಯುವ ಲೈಸೆನ್ಸಿನ ಕೋವಿ ಇಟ್ಟುಕೊಂಡು ಚುನಾವಣೆ ಬಂದಾಗೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುವವರು. ಈ ಮಕ್ಕಳ ಕೋಚ್‌ಗಳಿಗೂ ಕೋವಿ ಹಿಡಿಯಲು ಕಲಿಸಿದವರು ಅವರೇ.

ಅವರ ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ತುಂಬಬೇಕು: ಮೊದಲು ಅಳತೆಯ ಮದ್ದು, ಮೇಲೆ ತೆಂಗಿನ ನಾರು, ಅದನ್ನು ಗಜದಿಂದ (ತುರುಕುವ ಕೋಲು) ಹದವಾಗಿ ತುರುಕಿ ಚರೆ ಅಂದರೆ ಸಣ್ಣ ಗುಂಡು, ಮತ್ತೆ ನಾರು. ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಎಲ್ಲಕ್ಕಿಂತ ಕೊನೆಗೆ, ಅದೂ ನಳಿಗೆ ಬಯಲಿಗೆ ತಿರುಗಿದ್ದಾಗ. ಮೊದಲೇ ಇಟ್ಟರೆ ಗಜ ಹಿಡಿದ ಕೈ ನಳಿಗೆಯ ಬಾಯಲ್ಲಿರುವಾಗಲೇ ಈಡು ಹಾರಬಹುದು. ಅದಕ್ಕೇ ಗುರಿ ಹೊಡೆಯುವ ರೇಂಜ್‌ನಲ್ಲಿ ‘ಸ್ಟಾರ್ಟ್’ ಅನ್ನುವ ತನಕ ಪೆಲೆಟ್ (ಏರ್ ರೈಫಲ್ ಗುಂಡು) ಇಡಬಾರದು ಅಂದರೆ ನಮ್ಮ ಮಕ್ಕಳಿಗೆ ವಿವರಿಸಬೇಕಿಲ್ಲ. ಮದ್ದು ತೇವವಾಗಿ ಈಡು ಹಾರದಿದ್ದರೆ ಕೋವಿ ತಿರುಗಿಸಿ ಇಣುಕುವ ಹಾಗಿಲ್ಲ, ಕನಿಷ್ಠ ಒಂದು ನಿಮಿಷ ಹಾಗೇ ಹಿಡಿದು ಕಾಯಬೇಕು. ರೈಫಲ್ ಕೆಟ್ಟಾಗಲೂ ಅಷ್ಟೇ: ನಳಿಗೆ ಟಾರ್ಗೆಟ್ ಕಡೆಗೇ ಇರಲಿ, ಕೈ ಎತ್ತಿ ಅಧಿಕಾರಿಯನ್ನು ಕರೆಯಿರಿ.

ಅವರಿಂದ ಬಂದ ದೊಡ್ಡ ಪಾಠ ಇನ್ನೊಂದು. ಕುದುರೆ (ಟ್ರಿಗರ್) ಎಳೆದು, ಕೇಪು ಸಿಡಿದು, ಮದ್ದು ಹತ್ತುವುದಕ್ಕೆ ಒಂದು ಕ್ಷಣ ಹಿಡಿಯುತ್ತದೆ. ಅಷ್ಟರಲ್ಲಿ ತಲೆ ಎತ್ತಿದರೆ ಗುರಿ ಹೋಯಿತು. ಅದಕ್ಕೇ ಅವರು ಈಡು ಹಾರಿದ ಮೇಲೂ ಕೆನ್ನೆಯನ್ನು ಕೋವಿಯ ಹಿಡಿಯಿಂದ ತೆಗೆಯುತ್ತಿರಲಿಲ್ಲ. ಏರ್ ರೈಫಲ್ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುವುದು ನಿಜ, ಆದರೆ ಅದು ನಳಿಗೆ ದಾಟುವ ಮುನ್ನ ಭುಜ ಸಡಿಲವಾದರೂ ಸಾಕು, ಗುರಿ ತಪ್ಪುತ್ತದೆ. ಟಾರ್ಗೆಟ್ ನಡುವೆ ಹತ್ತು ಅಂಕ ಕೊಡುವ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಅಲ್ಲಿ ತಪ್ಪು ಅಡಗುವುದಿಲ್ಲ. ಟ್ರಿಗರ್ ಒತ್ತಿದ ಮೇಲೆ ಎರಡು ಸೆಕೆಂಡ್ ಅಲುಗಬೇಡಿ.

ಉಸಿರು ಹಿಡಿದು ಎಂಟು ಹತ್ತು ಸೆಕೆಂಡ್ ದಾಟಿದರೆ ಕಣ್ಣು ಮಂಜಾಗಿ ನಡುಕ ಶುರುವಾಗುತ್ತದೆ. ಆಗ ಬಲವಂತದಿಂದ ಹೊಡೆಯದೆ ರೈಫಲ್ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಬೇಕು. 60 ಗುಂಡಿಗೆ 75 ನಿಮಿಷ ಇರುವಾಗ ಅವಸರವೇಕೆ? ಮೊಲ ಸರಿಯಾಗಿ ಕಾಣದಿದ್ದರೆ ಕೋವಿ ಇಳಿಸಿ ಬರಿಗೈಲಿ ಮನೆಗೆ ಬರುತ್ತಿದ್ದವರಿಗೆ ಇದು ಸಹಜವಾಗಿತ್ತು.

ಅವರ ಒಂದು ರೂಢಿಯನ್ನು ಮಾತ್ರ ಬಿಡಲೇಬೇಕಾಯಿತು, ಕೋವಿಗೆ ಧಾರಾಳವಾಗಿ ಎಣ್ಣೆ ಸವರುವುದು. ಏರ್ ರೈಫಲ್‌ನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬುವ ಸಿಲಿಂಡರ್‌ಗೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಒತ್ತಡದ ಬಿಸಿಗೆ ಹೊತ್ತಿಕೊಳ್ಳಬಹುದು. ಸೀಲುಗಳಿಗೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ.

ಹಿರಿಯರೇ, ನಿಮ್ಮ ಋಣ ದೊಡ್ಡದು. ದಯವಿಟ್ಟು ಒಮ್ಮೆ ರೇಂಜ್‌ಗೆ ಬನ್ನಿ. ಫೈರಿಂಗ್ ಲೈನಿನ ಹಿಂದೆ ನಿಮಗೆ ಕುರ್ಚಿ ಹಾಕಿರುತ್ತೇವೆ. ಮಕ್ಕಳ ನಿಲುವು ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿ.