ನಮ್ಮ ಹುಡುಗರಿಗೆ ಬೀಟ್ ಕಲಿಸಿದ ಗದಗ-ಬೆಟಗೇರಿಯ ಜನರಿಗೆ

ಕಳೆದ ತಿಂಗಳ ಕೊನೆಯ ದಿನ ಪೊಲೀಸ್ ಇಲಾಖೆಯಿಂದ ಎಎಸ್‌ಐ ಆಗಿ ನಿವೃತ್ತಳಾದೆ. ಠಾಣೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿಕೊಟ್ಟರು. ಸಾಹೇಬರಿಗೂ ಜೊತೆಗಾರರಿಗೂ ಅಲ್ಲೇ ಕೈಮುಗಿದು ಬಂದಿದ್ದೇನೆ. ಆದರೆ ನಾನು ಯಾರಿಗೆ ಹೆಚ್ಚು ಋಣಿಯೋ ಅವರಲ್ಲಿ ಬಹಳ ಮಂದಿ ಆ ಸಭೆಯಲ್ಲಿ ಇರಲಿಲ್ಲ. ಮಗ್ಗದ ಮುಂದೆ, ಎಪಿಎಂಸಿ ಅಂಗಳದಲ್ಲಿ, ಆಟೊ ಸ್ಟ್ಯಾಂಡಿನಲ್ಲಿ, ಅಂಗನವಾಡಿಯಲ್ಲಿ ತಮ್ಮ ತಮ್ಮ ಕೆಲಸದಲ್ಲಿದ್ದರು. ಈ ಬರಹ ಅವರಿಗೆ.

ಸೇವೆಯ ಕೊನೆಯ ವರ್ಷಗಳಲ್ಲಿ ನನಗೆ ಒಪ್ಪಿಸಿದ್ದ ಮುಖ್ಯ ಕೆಲಸ ಎಂದರೆ ಹೊಸದಾಗಿ ಠಾಣೆಗೆ ಬರುವ ಕಾನ್‌ಸ್ಟೇಬಲ್‌ಗಳನ್ನು ಬೀಟಿಗೆ, ಅಂದರೆ ಅವರಿಗೆ ವಹಿಸಿದ ಓಣಿಗಳ ಓಡಾಟಕ್ಕೆ, ಕರೆದುಕೊಂಡು ಹೋಗಿ ಕೆಲಸ ಕಲಿಸುವುದು. ಧಾರವಾಡದ ತರಬೇತಿ ಶಾಲೆಯಿಂದ ಬಂದವರಿರಲಿ, ಖಾನಾಪುರದಿಂದ ಬಂದವರಿರಲಿ, ಕವಾಯತು, ಕಾನೂನು, ಬಂದೂಕು ಎಲ್ಲ ಕಲಿತೇ ಬಂದಿರುತ್ತಾರೆ. ಸೆಲ್ಯೂಟ್ ಹೊಡೆದರೆ ನೆಲ ನಡುಗಬೇಕು, ಹಾಗಿರುತ್ತಾರೆ. ಆದರೆ ಗುರುತಿಲ್ಲದವರ ಮನೆ ಬಾಗಿಲಲ್ಲಿ ನಿಂತು ಮೊದಲ ಮಾತು ಏನಾಡಬೇಕು ಎಂಬುದು ಕವಾಯತಿನ ಮೈದಾನದಲ್ಲಿ ಬರುವ ವಿದ್ಯೆಯಲ್ಲ. ಅದನ್ನು ಕಲಿಸಿದವರು ನೀವು. ನಾನು ಬರೀ ಕರೆದುಕೊಂಡು ಬರುತ್ತಿದ್ದೆ.

ನಾನು ನೌಕರಿಗೆ ಸೇರಿದಾಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. 1997ರಲ್ಲಿ ಬೇರೆ ಜಿಲ್ಲೆಯಾಯಿತು, ನಮಗೇ ಒಬ್ಬ ಎಸ್‌ಪಿ ಬಂದರು, ಠಾಣೆಗಳು ಹೆಚ್ಚಾದವು. ಆದರೆ ಓಣಿಯಲ್ಲಿ ಖಾಕಿ ಕಂಡರೆ ಕದ ಹಾಕಿಕೊಳ್ಳುವುದು ಮಾತ್ರ ಬಹಳ ಕಾಲ ಹಾಗೇ ಇತ್ತು. ಜನರದ್ದು ತಪ್ಪು ಎಂದು ನಾನು ಯಾವತ್ತೂ ಅನ್ನುವುದಿಲ್ಲ. ಕಳ್ಳತನ ಆದಾಗ, ಹೆಣ ಬಿದ್ದಾಗ, ಯಾರನ್ನೋ ಎಳೆದುಕೊಂಡು ಹೋಗುವಾಗ ಮಾತ್ರ ಬರುವವರನ್ನು ಕಂಡು ಯಾರಿಗೆ ತಾನೇ ಸಂತೋಷವಾದೀತು? ಕರ್ನಾಟಕದಲ್ಲಿ 2017ರಲ್ಲಿ ಹೊಸ ಬೀಟ್ ಪದ್ಧತಿ ಬಂದು, ಒಬ್ಬೊಬ್ಬ ಕಾನ್‌ಸ್ಟೇಬಲ್‌ಗೂ ಇಂತಿಷ್ಟು ಓಣಿ ನಿನ್ನದು ಎಂದು ವಹಿಸಿಕೊಟ್ಟ ಮೇಲೆ, ಏನೂ ಆಗದ ದಿನವೂ ಹೋಗುವುದು ನಮ್ಮ ಡ್ಯೂಟಿಯೇ ಆಯಿತು.

ಬೆಟಗೇರಿಯ ನೇಕಾರರ ಓಣಿಯ ಅಜ್ಜಿಯೊಬ್ಬರನ್ನು ಇಲ್ಲಿ ನೆನೆಯಲೇಬೇಕು. ಹೆಸರು ಬರೆಯುವುದಿಲ್ಲ, ಓಣಿಯವರಿಗೆ ಗೊತ್ತಾಗುತ್ತದೆ. ಹೊಸ ಹುಡುಗನೊಬ್ಬನನ್ನು ಕರೆದುಕೊಂಡು ಅವರ ಮನೆಗೆ ಹೋದಾಗ ಒಳಗೆ ಮಗ್ಗದ ಸದ್ದು ನಡೆದಿತ್ತು. ನಮ್ಮನ್ನು ಕಂಡದ್ದೇ ತಡ, ನಿಂತಿತು. ಮಗ ಮಗ್ಗದ ಕುಣಿಯಲ್ಲೇ ಕೂತು ನಮ್ಮನ್ನೇ ನೋಡುತ್ತಿದ್ದ. ಸೊಸೆ ಸೆರಗು ಎಳೆದುಕೊಂಡು ಒಳಗೆ ಹೋದಳು. ಅಜ್ಜಿ ಹೊಸ್ತಿಲಿಗೆ ಬಂದು, "ಯಾರ ಮ್ಯಾಲ ಕೇಸ್ ಆಗೇತ್ರಿ?" ಅಂದರು.

"ಯಾರ ಮ್ಯಾಲೂ ಇಲ್ಲ ಅಜ್ಜಿ, ಸುಮ್ನ ಬಂದೇವಿ" ಅಂದ ಹುಡುಗ.

"ಪೊಲೀಸರು ಸುಮ್ನ ಯಾಕ ಬರ್ತಾರ ತಮ್ಮಾ? ಸುದ್ದಿ ಕೇಳಾಕ ಬಂದೀಯೋ, ಸುಖ-ದುಃಖ ಕೇಳಾಕ ಬಂದೀಯೋ?"

ಆ ಪ್ರಶ್ನೆಯನ್ನು ನಾನು ಆಮೇಲೆ ಬಂದ ಪ್ರತಿಯೊಂದು ತಂಡದ ಮುಂದೆಯೂ ಇಟ್ಟಿದ್ದೇನೆ. ಬೀಟಿಗೆ ಹೋಗುವವನು ಮೊದಲು ಇದಕ್ಕೆ ತನ್ನೊಳಗೇ ಉತ್ತರ ಕೊಟ್ಟುಕೊಂಡು ಹೋಗಬೇಕು. ಮಾಹಿತಿ ಹೆಕ್ಕುವುದಕ್ಕೆಂದೇ ಹೋದವನನ್ನು ಜನ ಮುಖ ನೋಡಿಯೇ ಹಿಡಿಯುತ್ತಾರೆ.

ಹುಡುಗ ಕಟ್ಟೆಯ ಮೇಲೆ ಕೂತ. ಸೀರೆಯ ಅಂಚು ಹೇಗೆ ಹಾಕುತ್ತಾರೆ, ಒಂದು ಸೀರೆಗೆ ಕೂಲಿ ಎಷ್ಟು ಬೀಳುತ್ತದೆ ಎಂದು ಕೇಳಿದ. ಅವನಿಗೆ ನಿಜವಾಗಿಯೂ ತಿಳಿಯುವ ಆಸೆ ಇತ್ತು, ಅದು ಒಳ್ಳೆಯದಾಯಿತು. ಹೀಗೆ ಹೋಗಿ ಬಂದು ಮಾಡುತ್ತ ಒಂದು ದಿನ ಅಜ್ಜಿ, ಮೂಲೆಯ ಕಂಬದ ದೀಪ ಹತ್ತುವುದಿಲ್ಲ, ಟ್ಯೂಷನ್‌ನಿಂದ ಬರುವ ಹೆಣ್ಣುಮಕ್ಕಳು ಹೆದರುತ್ತಾರೆ ಎಂದರು. ದೀಪ ಹಾಕಿಸುವುದು ಪೊಲೀಸರ ಕೆಲಸ ಅಲ್ಲ, ನಿಜ. ಅವನು ಬರೆದುಕೊಂಡು ಹೋಗಿ ವಾರ್ಡಿನ ಸದಸ್ಯರ ಹತ್ತಿರ ಹೇಳಿದ. ಮುಂದಿನ ವಾರವೂ ದೀಪ ಬಂದಿರಲಿಲ್ಲ. ಆಗ ಅವನು ಆ ಓಣಿ ತಪ್ಪಿಸಿಕೊಂಡು ಹೋಗಲಿಲ್ಲ. "ಅಜ್ಜಿ, ಇನ್ನೂ ಆಗಿಲ್ಲ, ಮತ್ತೊಮ್ಮೆ ಕೇಳೇನಿ" ಎಂದು ಹೇಳಿ ಬಂದ. ಆಮೇಲೆ ದೀಪವೂ ಬಂತು. ಆದರೆ ನನ್ನ ಕೇಳಿದರೆ ದೀಪಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ "ಇನ್ನೂ ಆಗಿಲ್ಲ" ಎಂಬ ಮಾತು. ಆಗದ ಕೆಲಸದ ಸುದ್ದಿಯನ್ನೂ ತಾನೇ ಬಂದು ಹೇಳುವ ಸರ್ಕಾರದ ಮನುಷ್ಯನನ್ನು ಆ ಮನೆಯವರು ಅದೇ ಮೊದಲ ಸಲ ಕಂಡಿದ್ದರಂತೆ.

ಎಷ್ಟೋ ದಿನದ ಮೇಲೆ ಅದೇ ಅಜ್ಜಿ ಅವನನ್ನು ತಾವಾಗಿ ಕರೆಸಿದರು. ಓಣಿಯ ಇಬ್ಬರು ಹೆಣ್ಣುಮಕ್ಕಳು ದಿನದಿನಕ್ಕೂ ಏರುವ ಮೀಟರ್ ಬಡ್ಡಿಯ ಸಾಲದಲ್ಲಿ ಸಿಕ್ಕಿಬಿದ್ದಿದ್ದರು. ವಸೂಲಿಗೆ ಬಂದವರು ಕತ್ತಲಾದರೂ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ. ಅವಮಾನಕ್ಕೆ ಹೆದರಿ ಗಂಡಂದಿರು ಮಾತಾಡುತ್ತಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಸಾಲಕ್ಕಾಗಿ ಕಾಟ ಕೊಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಮಾಡಿತ್ತು. ಕಾನೂನು ಪೇಪರಿನಲ್ಲಿ ಬಂದಿತ್ತು, ಓಣಿಗೆ ಮುಟ್ಟಿರಲಿಲ್ಲ. ನಾವು ಮನೆಗೇ ಹೋಗಿ ಕೂತು ಅವರ ಮಾತು ಬರೆದುಕೊಂಡೆವು. ಕಾಟ ನಿಂತಿತು. ಅಜ್ಜಿ ಬಾಯಿ ಬಿಡದಿದ್ದರೆ ಆ ವಿಷಯ ನಮ್ಮ ಯಾವ ರಿಜಿಸ್ಟರಿಗೂ ಬರುತ್ತಿರಲಿಲ್ಲ. ಅಜ್ಜಿಗೆ ನನ್ನ ಸಾಷ್ಟಾಂಗ.

ಇನ್ನು ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ. ಹೊಸ ತಂಡ ಬಂದಾಗ ಠಾಣೆಯ ಹಿಂದಿನ ಅಂಗಳದಲ್ಲಿ ಸಣ್ಣದೊಂದು ನಾಟಕ ಆಡಿಸುತ್ತಿದ್ದೆವು. ಕಾನ್‌ಸ್ಟೇಬಲ್‌ಗಳು ದೂರು ಕೊಡುವವರು, ಸಂಘದ ಅಕ್ಕಂದಿರು ಪೊಲೀಸರು. ಒಬ್ಬ ಅಕ್ಕ ಕುರ್ಚಿಯಲ್ಲಿ ಕೂತು, ಎದುರು ನಿಂತವನ ಮುಖ ನೋಡದೆ ಏನೋ ಬರೆಯುತ್ತಲೇ ಇದ್ದಳು. ಅವನು ಎರಡು ಸಲ "ಮೇಡಮ್ಮಾರ" ಅಂದ ಮೇಲೆ ತಲೆ ಎತ್ತದೆ, "ಏನ್ ಆಗೇತಿ? ಲಗೂ ಹೇಳ. ಆಧಾರ್ ತಂದೀಯೇನ? ಇವತ್ತ ಸಾಹೇಬ್ರು ಇಲ್ಲ, ನಾಳಿ ಬಾ" ಅಂದಳು. ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಹಿಂದೆ ಕೂತಿದ್ದ ಹೊಸ ಹುಡುಗಿಯೊಬ್ಬಳು, "ಅಕ್ಕಾರ, ನಾವು ಹಿಂಗ ಕಾಣ್ತೀವೇನ್ರಿ?" ಎಂದು ಕೇಳಿದಳು. "ಎಲ್ಲಾರೂ ಅಲ್ಲವ್ವಾ. ಆದ್ರ ಒಬ್ಬರು ಹಿಂಗ ಮಾಡಿದ್ರ ಮತ್ತ ನಾವು ಠಾಣಿ ಕಟ್ಟಿ ಹತ್ತೂದಿಲ್ಲ" ಅಂದಳು ಅಕ್ಕ. ತರಗತಿ ನಡೆಸಿ ನಾನು ಹೇಳಿದ ಯಾವ ಮಾತೂ ಅಷ್ಟು ನಾಟಿದ್ದನ್ನು ನಾನು ಕಾಣೆ. ಮನೆಗೆಲಸ, ಕೂಲಿ ಬಿಟ್ಟು, ಚಾ ಬಿಟ್ಟರೆ ಏನೂ ಅಪೇಕ್ಷಿಸದೆ ಬರುತ್ತಿದ್ದಿರಿ. ಪೊಲೀಸರ ಎದುರೇ ಪೊಲೀಸರ ಅನುಕರಣೆ ಮಾಡಲು ಧೈರ್ಯ ಬೇಕು. ಆ ಧೈರ್ಯಕ್ಕೆ ಬೇರೆಯಾಗಿಯೇ ಒಂದು ನಮಸ್ಕಾರ.

ಅದೇ ಅಂಗಳದಲ್ಲಿ ಕಾನೂನೂ ಎರಡೂ ಕಡೆಯವರಿಗೆ ಒಟ್ಟಿಗೇ ಹೇಳುತ್ತಿದ್ದೆವು. ಅದು ನನ್ನ ಹಟ. ಹೆಣ್ಣುಮಕ್ಕಳನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಬರಲೇಬೇಕು ಎನ್ನುವಂತಿಲ್ಲ, ಅವರು ಇರುವಲ್ಲಿಗೇ ಹೋಗಿ ಕೇಳಬೇಕು. ವಿಶೇಷ ಸಂದರ್ಭ ಬಿಟ್ಟು, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಘಟನೆ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ಇದನ್ನೆಲ್ಲ ಜನರಿಗೆ ಹೇಳಿಕೊಟ್ಟರೆ ನಮ್ಮ ಕೆಲಸಕ್ಕೇ ತೊಡಕು ಎಂದವರೂ ಇದ್ದರು. ಆದದ್ದು ಬೇರೆ. ತನ್ನ ಹಕ್ಕು ಗೊತ್ತಿರುವ ಹೆಣ್ಣುಮಗಳು ಹೆದರದೆ ಮಾತಾಡಿದಳು, ಕಾನ್‌ಸ್ಟೇಬಲ್ಲೂ ಹದ್ದುಬಸ್ತಿನಲ್ಲಿ ನಡೆದುಕೊಂಡ.

ಹಬ್ಬದ ಮುಂಚಿನ ಶಾಂತಿ ಸಭೆಗಳಿಗೆ ಬರುತ್ತಿದ್ದ ಹಿರಿಯರಿಗೂ ಕೃತಜ್ಞತೆ ಹೇಳಬೇಕು. ವೀರನಾರಾಯಣ, ತ್ರಿಕೂಟೇಶ್ವರ ಗುಡಿಗಳನ್ನೂ ಜುಮ್ಮಾ ಮಸೀದಿಯನ್ನೂ ಒಂದೇ ಟ್ರಸ್ಟು ನೋಡಿಕೊಳ್ಳುವ ಊರು ನಮ್ಮದು. ಹೊರಗಿನಿಂದ ಬಂದ ಹುಡುಗರಿಗೆ ಈ ಸಂಗತಿಯನ್ನು ನೀವೇ ಹೇಳಬೇಕು ಎಂದು ನಾನು ಕೇಳಿಕೊಳ್ಳುತ್ತಿದ್ದೆ. ಅದರ ಜೊತೆಗೆ ಮಹಾರಾಷ್ಟ್ರದ ಭಿವಂಡಿಯ ಕಥೆ ನಾನು ಹೇಳುತ್ತಿದ್ದೆ. ಅದೂ ನೇಕಾರಿಕೆಯ ಊರು. 1984ರಲ್ಲಿ ಅಲ್ಲಿ ಘೋರ ಗಲಭೆ ನಡೆದಿತ್ತು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಅವರು ಓಣಿ ಓಣಿಗೂ ಎರಡೂ ಸಮುದಾಯದವರ ಮೊಹಲ್ಲಾ ಸಮಿತಿ ಕಟ್ಟಿ, ಕಾನ್‌ಸ್ಟೇಬಲ್‌ಗಳನ್ನು ಅದರೊಳಗೆ ಕೂಡಿಸಿದರು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಗಲಭೆಯ ದಿನ ಸಭೆ ಕರೆದರೆ ಯಾರೂ ಬರುವುದಿಲ್ಲ, ಸಭೆಯ ರೂಢಿ ನಾಲ್ಕು ವರ್ಷ ಮೊದಲೇ ಬಿದ್ದಿರಬೇಕು. ಹಿರಿಯರೇ, ನಾವು ರಾತ್ರಿ ಹತ್ತು ಗಂಟೆಗೆ ಫೋನು ಮಾಡಿದರೂ ನೀವು ಎತ್ತುತ್ತಿದ್ದಿರಿ. ಮೊಬೈಲಿನಲ್ಲಿ ಏನೋ ಸುಳ್ಳುಸುದ್ದಿ ಹಬ್ಬಿದಾಗ ನಿಮ್ಮ ಒಂದು ಮಾತು ನಮ್ಮ ಒಂದು ವ್ಯಾನಿನಷ್ಟು ಕೆಲಸ ಮಾಡಿದೆ.

ತೆರೆದ ಮನೆ ಕಾರ್ಯಕ್ರಮಕ್ಕೆ ಮಕ್ಕಳನ್ನು ಠಾಣೆಗೆ ಕರೆತಂದ ಶಿಕ್ಷಕರಿಗೆ, "ಲಾಠಿ ಯಾಕ ಬೇಕ್ರಿ?" ಎಂದು ಕೇಳಿದ ಆ ಪುಟ್ಟ ಹುಡುಗಿಗೆ, ರಾತ್ರಿ ಗಸ್ತಿನಲ್ಲಿ ಜೊತೆ ನಿಂತ ಆಟೊ ಅಣ್ಣಂದಿರಿಗೆ, ಎಪಿಎಂಸಿ ಹಮಾಲರಿಗೆ ನಮಸ್ಕಾರ. ವಿಡಿಯೊ ಕಾಲ್‌ನಲ್ಲಿ ಪೊಲೀಸ್ ವೇಷದವನೊಬ್ಬ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡೀವಿ" ಎಂದು ಹೆದರಿಸಿದಾಗ, ಹಣ ಹಾಕುವ ಮುಂಚೆ ನಮ್ಮ ಬೀಟ್ ಹುಡುಗನಿಗೆ ಫೋನು ಮಾಡಿದ ನಿವೃತ್ತ ಮಾಸ್ತರರೇ, ನಿಮಗೂ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ, ಹಾಗೇನಾದರೂ ಆದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ ಎಂದು ಅವನು ಹಿಂದಿನ ವಾರವಷ್ಟೇ ನಿಮ್ಮ ಪಡಸಾಲೆಯಲ್ಲಿ ಕೂತು ಹೇಳಿದ್ದ. ನಿಮ್ಮ ದುಡಿಮೆಯ ಹಣ ಉಳಿದದ್ದು ಅವನಿಗೆ ಪದಕ ಸಿಕ್ಕಷ್ಟು ಖುಷಿ ಕೊಟ್ಟಿತು.

ಇಲಾಖೆಯೊಳಗಿನ ಜೊತೆಗಾರರಲ್ಲಿ ಠಾಣೆಯ ಬರಹದ ಕೆಲಸ ನೋಡುವ ಸ್ಟೇಷನ್ ರೈಟರ್ ಅವರನ್ನು ಮಾತ್ರ ಇಲ್ಲಿ ನೆನೆಯುತ್ತೇನೆ. ಬಂದೋಬಸ್ತಿನ ಮೇಲೆ ಬಂದೋಬಸ್ತು ಬಿದ್ದಾಗಲೂ ಡ್ಯೂಟಿ ಪಟ್ಟಿಯಲ್ಲಿ ಹೇಗೋ ಜಾಗ ಮಾಡಿ ನನ್ನ ಹುಡುಗರನ್ನು ಬೀಟಿಗೆ ಬಿಡುತ್ತಿದ್ದರು. ಬಂದೋಬಸ್ತು ಮುಗಿಸಿ, ನಿದ್ದೆಗೆಟ್ಟು ಬಂದ ಕಾನ್‌ಸ್ಟೇಬಲ್‌ನಿಂದ ನಗುಮುಖ ನಿರೀಕ್ಷಿಸುವುದು ಕಷ್ಟ. ಇದನ್ನು ಮೇಲಿನವರು ದಯವಿಟ್ಟು ಗಮನಿಸಬೇಕು. 2025ರ ಜುಲೈನಲ್ಲಿ ರಾಜ್ಯದಲ್ಲಿ 'ಮನೆ ಮನೆಗೆ ಪೊಲೀಸ್' ಆರಂಭವಾದಾಗ, ನಾವು ಓಣಿಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಮರ್ಯಾದೆ ಸಿಕ್ಕಿತೆಂದು ಮನಸ್ಸು ತುಂಬಿ ಬಂದಿತ್ತು. ಅದು ಉಳಿಯಬೇಕಾದರೆ ಒಬ್ಬ ಕಾನ್‌ಸ್ಟೇಬಲ್‌ನನ್ನು ಒಂದು ಬೀಟಿನಲ್ಲಿ ಒಂದಷ್ಟು ಕಾಲ ಇರಲು ಬಿಡಬೇಕು. ಮನೆಯವರ ಹೆಸರು ಬಾಯಿಗೆ ಬರುವ ಹೊತ್ತಿಗೆ ಅವನನ್ನು ಬೇರೆ ಕಡೆ ಹಾಕಿದರೆ ಕಲಿಸಿದ್ದು ನೀರಿನಲ್ಲಿ ಹೋಮ. ಬಾಗಿಲಲ್ಲಿ ನಿಂತು ಫೋಟೊ ತೆಗೆದು ಗ್ರೂಪಿಗೆ ಹಾಕಿದ್ದನ್ನೇ ಭೇಟಿ ಎಂದು ಎಣಿಸುವುದೂ ನಿಲ್ಲಬೇಕು. ಆ ಮನೆಯವರು ಏನು ಹೇಳಿದರು, ಅದಕ್ಕೆ ಏನಾಯಿತು, ತಿರುಗಿ ಹೋಗಿ ತಿಳಿಸಿದಿರಾ, ಇಷ್ಟು ಕೇಳಿದರೆ ಸಾಕು.

ಹಬ್ಬ ಹುಣ್ಣಿಮೆ ಒಂದಕ್ಕೂ ಮನೆಯಲ್ಲಿರದ ನನ್ನನ್ನು ಸಹಿಸಿಕೊಂಡ ನಮ್ಮ ಮನೆಯವರಿಗೆ, ತಾವೇ ಅಡುಗೆ ಮಾಡಿಕೊಂಡು ಬೆಳೆದ ಮಕ್ಕಳಿಗೆ ಏನು ಹೇಳಿದರೂ ಕಡಿಮೆಯೇ.

ಕೊನೆಗೆ ಒಂದು ಬೇಡಿಕೆ. ನಾನು ಓಡಾಡುತ್ತಿದ್ದ ಓಣಿಗಳಿಗೆ ಈಗ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಹಾವೇರಿ ಕಡೆಯವಳು, ಮಾತು ಸ್ವಲ್ಪ ಕಡಿಮೆ, ಕಿವಿ ಚುರುಕು. ನಿಮ್ಮ ಮನೆಗೆ ಬಂದಾಗ ಕೂಡಿಸಿ ಮಾತಾಡಿಸಿ. ಹೇಳಿದ ಕೆಲಸ ಏನಾಯಿತೆಂದು ತಿರುಗಿ ಕೇಳಿ, ಬಿಡಬೇಡಿ. ಅವಳ ನಡೆ-ನುಡಿ ಸರಿ ಕಾಣದಿದ್ದರೆ ಮುಖದ ಮೇಲೇ ಹೇಳಿ. ನನಗೆ ಹೇಳುತ್ತಿದ್ದಿರಲ್ಲ, ಹಾಗೆಯೇ.